ಕಾರು ಕೆಮ್ಮತೊಡಗಿದಾಗ

ಒಂದು ಕಾಲಕ್ಕೆ ನಮ್ಮ ಕಡೆಯ ಊರುಗಳಲ್ಲಿ ಕಾರು ಎಂದರೆ ಶ್ರೀಮಂತರ ಮನೆಯ ಸೊತ್ತು. ಇಂದು ಮಧ್ಯಮ ವರ್ಗದ ಅನೇಕ ಮನೆಗಳ ಮುಂದೆ, ಹೊಸದಲ್ಲದಿದ್ದರೆ ಹಳೆಯದಾದರೂ, ಒಂದು ಕಾರು ನಿಂತಿರುತ್ತದೆ. ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯಲು, ಮದುವೆ, ಗೃಹಪ್ರವೇಶ, ಜಾತ್ರೆಗಳಿಗೆ ಕುಟುಂಬಸಮೇತ ಹೋಗಿಬರಲು ಅದು ನೆರವಾಗುತ್ತದೆ. ಆದರೆ ಬಾನೆಟ್ಟಿನ ಕೆಳಗೆ ಏನಿದೆ, ಅದು ಹೇಗೆ ನಡೆಯುತ್ತದೆ ಎಂದು ನೋಡುವ ಗೋಜಿಗೆ ನಾವು ಹೋಗುವುದಿಲ್ಲ. ನಾವೂ ಹಾಗೆಯೇ ಇದ್ದೆವು, ಕಳೆದ ವರ್ಷದ ಒಂದು ಬೆಳಗಿನ ತನಕ.

ನಮ್ಮ ತಾಯಿಯವರಿಗೆ 81 ವರ್ಷ. ಹೃದ್ರೋಗದ ತಪಾಸಣೆಗಾಗಿ ತಿಂಗಳಿಗೊಮ್ಮೆ ಅವರನ್ನು ಗದಗಿನಿಂದ ಹುಬ್ಬಳ್ಳಿಗೆ ಕರೆದೊಯ್ಯಬೇಕು. ಸುಮಾರು 60 ಕಿ.ಮೀ. ದಾರಿ. ಮಹಾನವಮಿ ಮುಗಿದು ಎಂಟು ಹತ್ತು ದಿನಗಳಾಗಿದ್ದವು. ಅಣ್ಣಿಗೇರಿ ದಾಟಿದ ಮೇಲೆ ಹತ್ತಿ ಹೇರಿದ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲೆಂದು ಬಲಕ್ಕೆ ಸರಿದೆವು. ಅದೇ ಕ್ಷಣಕ್ಕೆ ಕಾರು ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ತಡವರಿಸಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ವೇಗ ಏರಲಿಲ್ಲ. ಹಿಂದೆ ಲಾರಿಯೊಂದು ಹಾರ್ನ್ ಹಾಕುತ್ತ ಬರುತ್ತಿತ್ತು. ಅದರ ಚಾಲಕನು ಬ್ರೇಕ್ ಹಾಕಿದ್ದರಿಂದ ನಾವು ಉಳಿದೆವು ಎಂದರೂ ತಪ್ಪಲ್ಲ. ಎಡಕ್ಕೆ ಸರಿದು ನಿಲ್ಲಿಸಿದಾಗ ಎಂಜಿನ್ ನಿಂತಲ್ಲಿಯೇ ಗಡಗಡ ನಡುಗುತ್ತಿತ್ತು. ಹಿಂದಿನ ಸೀಟಿನಿಂದ ತಾಯಿಯವರು, "ಯಾಕಪಾ, ಗಾಡಿ ನನ್ನಂಗ ಕೆಮ್ಮಾಕತ್ತೈತಲ್ಲ?" ಎಂದರು.

ಈ ಕೆಮ್ಮಿಗೆ ಗ್ಯಾರೇಜಿನವರು ಇಟ್ಟ ಹೆಸರು 'ಮಿಸ್ಸಿಂಗ್'. ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂಬ ಮಾತನ್ನು ಓದುಗರೂ ಕೇಳಿರುತ್ತಾರೆ. ಇದರ ಅರ್ಥ ಸರಳ. ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿನಲ್ಲಿಯೂ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒಳಬಂದು, ಪಿಸ್ಟನ್ನಿನಿಂದ ಒತ್ತಲ್ಪಟ್ಟು, ಪ್ಲಗ್ಗಿನ ಕಿಡಿಯಿಂದ ಹೊತ್ತಿಕೊಂಡು, ಉರಿದ ಹೊಗೆಯಾಗಿ ಹೊರಹೋಗುತ್ತದೆ. ಜರ್ಮನಿಯ ನಿಕೋಲಸ್ ಆಟೋ 1876ರಲ್ಲಿ ಈ ನಾಲ್ಕು ಹೆಜ್ಜೆಗಳ ಎಂಜಿನ್ನನ್ನು ನಿರ್ಮಿಸಿದನು. ಮೂಲತತ್ತ್ವ ಇಂದಿಗೂ ಅದೇ. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರೂ 400 ಸಲ ಉರಿಯಬೇಕು. ಅವುಗಳಲ್ಲಿ ಒಂದು ಉರಿಯದೆ ಹೋದರೆ ಉಳಿದ ಮೂರು ಅದರ ಭಾರವನ್ನೂ ಎಳೆಯಬೇಕಾಗುತ್ತದೆ. ಆ ಎಳೆದಾಟವೇ ನಮಗೆ ನಡುಕವಾಗಿ ತಿಳಿಯುತ್ತದೆ.

ಉರಿಯಬೇಕಾದರೆ ನಾಲ್ಕು ಕೂಡಿಬರಬೇಕು: ಗಾಳಿ, ಪೆಟ್ರೋಲು, ಕಿಡಿ, ಒತ್ತಡ. ನಮ್ಮ ಒಲೆಗೆ ಗಾಳಿ, ಕಟ್ಟಿಗೆ, ಬೆಂಕಿಕಡ್ಡಿ ಬೇಕಾದಂತೆ. ಯಾವುದು ತಪ್ಪಿದೆ ಎಂದು ತಿಳಿಯುವುದೇ ಪರೀಕ್ಷೆ. ಆದರೆ ಬಹಳ ಜನ ಮಾಡುವುದು ಪರೀಕ್ಷೆಯಲ್ಲ, ಊಹೆ. ಊಹೆಯ ಮೇಲೆ ಬಿಡಿಭಾಗ ಬದಲಿಸುತ್ತ ಹೋದರೆ ಕೊನೆಗೊಂದು ದಿನ ದೋಷ ಸಿಕ್ಕೀತು; ಅಷ್ಟರಲ್ಲಿ ಕಿಸೆ ಖಾಲಿಯಾಗಿರುತ್ತದೆ.

ಮಿಣುಕುವ ಹಳದಿ ದೀಪ

ಅಂದು ನಾವು ಮಾಡಿದ ಒಂದು ತಪ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ ಚಿತ್ರವಿರುವ ಹಳದಿ ದೀಪವೊಂದು ಮಿಣುಕುತ್ತಿತ್ತು. ಡಾಕ್ಟರರ ವೇಳೆ ತಪ್ಪೀತೆಂಬ ಆತುರದಲ್ಲಿ ಅದನ್ನು ಲೆಕ್ಕಿಸದೆ ಹುಬ್ಬಳ್ಳಿಯವರೆಗೂ ನಡೆಸಿಕೊಂಡು ಹೋದೆವು. ಈ ದೀಪವು ಒಂದೇ ಸಮನೆ ಉರಿಯುತ್ತಿದ್ದರೆ 'ಬೇಗ ತೋರಿಸಿ' ಎಂದರ್ಥ. ಅದು ಮಿಣುಕುತ್ತಿದ್ದರೆ 'ಈಗಲೇ ವೇಗ ಇಳಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ' ಎಂದರ್ಥ. ಇವೆರಡರ ಅಂತರವನ್ನು ಮನೆಯಲ್ಲಿ ಕಾರು ನಡೆಸುವ ಪ್ರತಿಯೊಬ್ಬರೂ ತಿಳಿದಿರಬೇಕು.

ಕಾರಣ ಹೀಗಿದೆ. ಕಾರಿನ ಹೊಗೆಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವಿರುತ್ತದೆ. ಜೇನುಹುಟ್ಟಿನಂಥ ಸಣ್ಣ ಸಣ್ಣ ರಂಧ್ರಗಳ ಅದರ ಒಡಲಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬಂಗಾರದಂತೆ ದುಬಾರಿಯಾದ ಲೋಹಗಳ ಲೇಪ ಕೊಟ್ಟಿರುತ್ತಾರೆ. ವಿಷಾನಿಲವನ್ನು ತೊಳೆಯುವುದು ಅದರ ಕೆಲಸ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಅಲ್ಲಿಗೆ ಹೋಗಿ ಉರಿಯತೊಡಗಿದರೆ ಶಾಖವು 1,000 ಡಿಗ್ರಿಯನ್ನೂ ಮೀರಿ, ಒಳಗಿನ ಹುಟ್ಟು ಕರಗಿ ಮುದ್ದೆಯಾಗಬಹುದು. ಕೆಲವು ನೂರು ರೂಪಾಯಿಯ ಪ್ಲಗ್ಗಿನ ದೋಷವು ಹತ್ತಾರು ಸಾವಿರದ ಹಾನಿಗೆ ದಾರಿ ಮಾಡುವುದು ಹೀಗೆ. ಸುಗ್ಗಿಯ ದಿನಗಳಲ್ಲಿ ಇನ್ನೊಂದು ಭಯವೂ ಇದೆ. ರಸ್ತೆಯ ಮೇಲೆ ಒಕ್ಕಲು ಹರಡಿದ ಹುರುಳಿಯ ಹೊಟ್ಟು ಕಾರಿನ ಅಡಿಗೆ ಸುತ್ತಿಕೊಂಡು ಹೊತ್ತಿಕೊಂಡ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಕಾದ ಕೊಳವೆಯ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಲೇಬಾರದು.

ತಾಯಿಯವರ ತಪಾಸಣೆ ಮುಗಿಸಿ, ಅವರನ್ನು ಬಸ್ಸಿನಲ್ಲಿ ಊರಿಗೆ ಕರೆತಂದೆವು. ಕಾರು ಒಂದು ಗ್ಯಾರೇಜಿನಲ್ಲಿ ಉಳಿಯಿತು. ಅಲ್ಲಿಯವರು ನಾಲ್ಕೂ ಪ್ಲಗ್ಗುಗಳನ್ನು ಬದಲಿಸಿದರು. ಎರಡು ದಿನ ಸರಿಯಿದ್ದಂತೆ ತೋರಿತು; ಮೂರನೆಯ ದಿನ ಮತ್ತೆ ಕೆಮ್ಮು. ಆಗ ಒಂದು ಕಾಯಿಲ್ ಬದಲಿಸಿದರು. ಅದರಿಂದಲೂ ಗುಣವಾಗಲಿಲ್ಲ. "ಸರ್, ನಾಲ್ಕೂ ಕಾಯಿಲ್ ಬದಲಿ ಮಾಡಿಬಿಡೂಣ್ರಿ, ಇಂಜೆಕ್ಟರ್ ಸರ್ವೀಸನೂ ಮಾಡೂಣ್ರಿ, ತಲಿನೋವ ಇರೂದಿಲ್ಲ" ಎಂದು ಹದಿನಾಲ್ಕೂವರೆ ಸಾವಿರದ ಚೀಟಿ ಬರೆದುಕೊಟ್ಟರು. ನಿವೃತ್ತಿವೇತನದ ಮನೆಗೆ ಅದು ಸಣ್ಣ ಮೊತ್ತವಲ್ಲ. ಮೇಸ್ತ್ರಿಯು ಮೋಸಗಾರನೆಂದು ನಾವು ಹೇಳುವುದಿಲ್ಲ. ದಿನಕ್ಕೆ ಹತ್ತು ಗಾಡಿ ನೋಡುವವನಿಗೆ ಒಂದೊಂದನ್ನೂ ಕೂತು ಪರೀಕ್ಷಿಸುವ ವ್ಯವಧಾನ ಎಲ್ಲಿಂದ ಬರಬೇಕು? ಆ ವ್ಯವಧಾನ ಇದ್ದದ್ದು ನಮಗೆ.

ಕೇಳಿದವರೆಲ್ಲ ಇನ್ನೊಂದು ಕಾರಣವನ್ನೂ ಹೇಳಿದರು: "ಈಗಿನ ಪೆಟ್ರೋಲೇ ಸರಿಯಿಲ್ಲ." ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದ್ದು ಓದುಗರಿಗೆ ನೆನಪಿರಬಹುದು. ಅಂದಿನಿಂದ ಕಾರಿಗೆ ಬರುವ ಎಲ್ಲ ರೋಗಗಳಿಗೂ ಎಥೆನಾಲೇ ಮೂಲ ಎಂಬ ಮಾತು ಚಾಲ್ತಿಯಲ್ಲಿದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಲೀಟರಿಗೆ ಓಡುವ ದೂರವನ್ನು ತುಸು ತಗ್ಗಿಸುತ್ತದೆ, ಹಳೆಯ ಗಾಡಿಗಳ ರಬ್ಬರ್ ಭಾಗಗಳಿಗೆ ಒಗ್ಗದೆಯೂ ಇರಬಹುದು, ಇದೆಲ್ಲ ನಿಜ. ಆದರೆ ಒಂದೇ ಟ್ಯಾಂಕಿನ ಪೆಟ್ರೋಲು ನಾಲ್ಕೂ ಸಿಲಿಂಡರಿಗೆ ಹೋಗುತ್ತದಲ್ಲವೆ? ಪೆಟ್ರೋಲೇ ಕೆಟ್ಟಿದ್ದರೆ ನಾಲ್ಕೂ ಕೆಮ್ಮಬೇಕು. ಒಂದೇ ಕೆಮ್ಮುತ್ತಿದ್ದರೆ ದೋಷವು ಆ ಒಂದರ ಹತ್ತಿರವೇ ಇರಬೇಕು. ಈ ಸಣ್ಣ ತರ್ಕ ನಮಗೆ ಆಗ ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿದವರು ನಮ್ಮ ಬೀಗರು. ಬಸ್ ಡಿಪೋದ ಕಾರ್ಯಾಗಾರದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಫೋನಿನಲ್ಲಿ ಎಲ್ಲವನ್ನೂ ಕೇಳಿಕೊಂಡು, "ಬೀಗರ, ನಾಕರಾಗ ಯಾವ ಸಿಲಿಂಡರ್ ಅಂತ ಮೊದಲ ಗೊತ್ತ ಮಾಡ್ರಿ. ಆಮ್ಯಾಲ ಕಿಸೆಕ್ಕ ಕೈ ಹಾಕ್ರಿ" ಎಂದರು. ಮರುದಿನ ರವಿವಾರ ಬೆಳಿಗ್ಗೆ ತಾವೇ ಬಂದರು. ಕಾರನ್ನು ಗ್ಯಾರೇಜಿನಿಂದ ತರಿಸಿ ಅಂಗಳದಲ್ಲಿ ನಿಲ್ಲಿಸಿದ್ದೆವು.

ಅಂಗಳದ ಪರೀಕ್ಷೆ

ಬಾನೆಟ್ ಎತ್ತುವ ಮೊದಲು ಅವರು ಕೆಲವು ಕಟ್ಟುನಿಟ್ಟು ಮಾಡಿದರು. ಎಂಜಿನ್ ನಡೆಸುವ ಪರೀಕ್ಷೆ ಬಯಲಿನಲ್ಲಿಯೇ ನಡೆಯಬೇಕು. ಮುಚ್ಚಿದ ಶೆಡ್ಡಿನಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ. ಹೆಗಲ ಮೇಲಿನ ವಲ್ಲಿ, ಧೋತರದ ಚುಂಗು, ಸೀರೆಯ ಸೆರಗು ತಿರುಗುವ ಬೆಲ್ಟಿನ ಹತ್ತಿರ ಸುಳಿಯಬಾರದು. ಕೊರಳಿನ ಶಿವದಾರವನ್ನೂ ಕರಡಿಗೆಯನ್ನೂ ಅಂಗಿಯ ಒಳಗೆ ಭದ್ರಪಡಿಸಿಕೊಳ್ಳಬೇಕು. ಬಗ್ಗಿ ನೋಡುವಾಗ ಬೆಳ್ಳಿಯ ಕರಡಿಗೆ ಬ್ಯಾಟರಿಯ ಮೇಲೆ ತೂಗಿದರೆ ಕಿಡಿ ಹಾರೀತು. ಎಂಜಿನ್ ಬಂದಾದ ಮೇಲೂ ರೇಡಿಯೇಟರಿನ ಫ್ಯಾನ್ ತಾನಾಗಿ ತಿರುಗೀತೆಂಬ ಎಚ್ಚರ ಬೇಕು. ಪ್ಲಗ್ ಬಿಚ್ಚುವುದಾದರೆ ಎಂಜಿನ್ ಪೂರ್ತಿ ಆರಿರಬೇಕು; ಅಲ್ಯೂಮಿನಿಯಂ ಹೆಡ್ಡಿನ ಮರೆಗಳು ಬಿಸಿಯಲ್ಲಿ ಬೇಗ ಕೆಡುತ್ತವೆ.

ಮೊದಲ ಕೆಲಸ ಕಾರಿನ ಗಣಕದ ಮಾತು ಕೇಳುವುದು. ಭಾರತದಲ್ಲಿ 2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಓಬಿಡಿ-2 ಎಂಬ ದೋಷಸೂಚಕ ವ್ಯವಸ್ಥೆ ಇರುತ್ತದೆ. ಸ್ಟಿಯರಿಂಗಿನ ಕೆಳಭಾಗದಲ್ಲಿ ಹದಿನಾರು ಕಿಂಡಿಗಳ ಒಂದು ಸಾಕೆಟ್ಟಿದೆ. ಕೆಲವು ನೂರು ರೂಪಾಯಿಗೆ ದೊರೆಯುವ ಪುಟ್ಟ ಉಪಕರಣವನ್ನು ಅದಕ್ಕೆ ಸಿಕ್ಕಿಸಿದರೆ ದೋಷದ ಸಂಖ್ಯೆ ಮೊಬೈಲಿನಲ್ಲಿ ಮೂಡುತ್ತದೆ. ಪಿ 0300 ಎಂದು ಬಂದರೆ ಮಿಸ್ಸಿಂಗ್ ಹಲವು ಸಿಲಿಂಡರುಗಳಲ್ಲಿ ಅಥವಾ ಗೊತ್ತುಗುರಿಯಿಲ್ಲದೆ ಆಗುತ್ತಿದೆ ಎಂದರ್ಥ. ಪಿ 0301 ಎಂದರೆ ಮೊದಲನೆಯ ಸಿಲಿಂಡರು, ಪಿ 0302 ಎಂದರೆ ಎರಡನೆಯದು, ಹೀಗೆ. ಗಣಕಕ್ಕೆ ಇದು ತಿಳಿಯುವ ಬಗೆ ಸೊಗಸಾಗಿದೆ. ಕ್ರ್ಯಾಂಕ್ ದಂಡದ ಸುತ್ತುವಿಕೆಯನ್ನು ಒಂದು ಸಂವೇದಕವು ಸದಾ ಎಣಿಸುತ್ತಿರುತ್ತದೆ; ಒಂದು ಸಿಲಿಂಡರ್ ಉರಿಯದಿದ್ದರೆ ಆ ಗಳಿಗೆಯಲ್ಲಿ ದಂಡವು ಕೂದಲೆಳೆಯಷ್ಟು ನಿಧಾನವಾಗುತ್ತದೆ, ಅದರಿಂದ ತಪ್ಪಿದ್ದು ಯಾರ ಸರದಿ ಎಂದು ಗೊತ್ತಾಗುತ್ತದೆ. ನಮ್ಮ ಕಾರಿಗೆ ಬಂದ ಸಂಖ್ಯೆ ಪಿ 0303. ಮೂರನೆಯ ಸಿಲಿಂಡರು.

ಎಣಿಕೆ ಯಾವ ಬದಿಯಿಂದ ಎಂಬುದನ್ನು ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಬೇಕು. ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸಿಗೆ ದೂರವಿರುವ ಬದಿಯೇ ಮೊದಲನೆಯದು. ಗ್ಯಾರೇಜಿನವರು ಕಾಯಿಲ್ ಬದಲಿಸಿದ್ದು ಮೂರನೆಯದಕ್ಕೇ. ಅಲ್ಲಿಗೆ ಅವರೂ ಸಂಖ್ಯೆ ಓದಿದ್ದರು ಎಂದಾಯಿತು. ಆದರೆ ಸಂಖ್ಯೆ ಹೇಳುವುದು 'ಇಲ್ಲಿ ಉರಿಯಲಿಲ್ಲ' ಎಂದು ಮಾತ್ರ. 'ಕಾಯಿಲ್ ಕೆಟ್ಟಿದೆ' ಎಂದಲ್ಲ.

ಎರಡನೆಯ ಕೆಲಸ ಅದಲುಬದಲು. ಇದೊಂದನ್ನು ಓದುಗರು ನೆನಪಿಟ್ಟುಕೊಂಡರೂ ಈ ಲೇಖನ ಬರೆದದ್ದು ಸಾರ್ಥಕ. ಇತ್ತೀಚಿನ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕುಳಿತಿರುತ್ತದೆ. ಬ್ಯಾಟರಿಯ 12 ವೋಲ್ಟನ್ನು 20,000 ವೋಲ್ಟಿಗೂ ಮಿಗಿಲಾಗಿ ಏರಿಸಿ ಕಿಡಿ ಹಾರಿಸುವುದು ಅದೇ. ಎಂಜಿನ್ ಬಂದ್ ಮಾಡಿ, ಮೂರನೆಯ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದನ್ನು ಮೂರನೆಯದಕ್ಕೂ ಕೂರಿಸಿದೆವು. ಒಂದು ಪಾನಾ ಸಾಕು, ಹತ್ತು ನಿಮಿಷದ ಕೆಲಸ. ಹಳೆಯ ಸಂಖ್ಯೆಯನ್ನು ಅಳಿಸಿ ಕಾರನ್ನು ಒಂದು ಸುತ್ತು ಓಡಿಸಿದೆವು. ಕಾಯಿಲ್ ಕೆಟ್ಟಿದ್ದರೆ ದೋಷವು ಕಾಯಿಲಿನ ಜೊತೆ ಹೊರಟು ಪಿ 0301 ಆಗಬೇಕಿತ್ತು. ಮತ್ತೆ ಬಂದದ್ದು ಪಿ 0303. ಕಾಯಿಲ್ ನಿರಪರಾಧಿ. ಒಂದು ಪೈಸೆಯೂ ಖರ್ಚಿಲ್ಲದೆ ನಾಲ್ಕು ಕಾಯಿಲುಗಳ ಮಾತು ಅಲ್ಲಿಗೆ ಮುಗಿಯಿತು. ಪ್ಲಗ್ಗನ್ನೂ ಹೀಗೆಯೇ ಅದಲುಬದಲು ಮಾಡಿ ನೋಡಬಹುದು.

ಪ್ಲಗ್ಗಿನ ಬಗ್ಗೆ ನಮ್ಮ ಬಳಿ ಇನ್ನೊಂದು ಸಾಕ್ಷಿಯಿತ್ತು. ಗ್ಯಾರೇಜಿನವರು ಹಳೆಯ ನಾಲ್ಕನ್ನೂ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು; ನಾವು ಬಿಚ್ಚಿಯೂ ನೋಡಿರಲಿಲ್ಲ. ಬೀಗರು ಅವನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ವೈದ್ಯರು ನಾಲಗೆ ನೋಡುವಂತೆ ಒಂದೊಂದರ ತುದಿಯನ್ನೂ ನೋಡಿದರು. ತುದಿಯು ತಿಳಿ ಕಂದುಬಣ್ಣದ್ದಾಗಿದ್ದರೆ ಆರೋಗ್ಯ. ಒಣ ಕರಿಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದು ಅಥವಾ ಕಾವು ಹೆಚ್ಚು. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗು ಇಲ್ಲವೆ ವಾಲ್ವಿನ ಸೀಲು ಸವೆದಿದೆ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಅದಕ್ಕೆ ಕಿಡಿಯೇ ದೊರೆತಿಲ್ಲ. ನಮ್ಮ ನಾಲ್ಕೂ ಕಂದು, ನಾಲ್ಕೂ ಒಣ. "ಇವು ಇನ್ನೂ ಒಂದು ವರ್ಷ ನಡೀತಿದ್ದುವು" ಎಂದರು.

ಕಿಡಿ ಸರಿಯಿದೆ. ಗಾಳಿ ನಾಲ್ಕಕ್ಕೂ ಒಂದೇ ಕೊಳವೆಯಿಂದ ಬರುತ್ತದೆ. ಉಳಿದದ್ದು ಪೆಟ್ರೋಲು ಮತ್ತು ಒತ್ತಡ.

ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಟರು ಕೆಲಸ ಮಾಡುವಾಗ ಕಿಟ್ ಕಿಟ್ ಎಂದು ಸದ್ದು ಮಾಡುತ್ತದೆ. ಬೀಗರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಆಲಿಸಿದರು. ಅನಂತರ ನಮಗೂ ಆಲಿಸಲು ಕೊಟ್ಟರು. ಒಂದು, ಎರಡು, ನಾಲ್ಕು ಸಮನಾಗಿ ಮಿಡಿಯುತ್ತಿದ್ದವು. ಮೂರನೆಯದು ಮಿಡಿಯುತ್ತ ಮಿಡಿಯುತ್ತ ತಟ್ಟನೆ ಸುಮ್ಮನಾಗುತ್ತಿತ್ತು, ಎಂಜಿನ್ ನಡುಗುತ್ತಿತ್ತು, ಮತ್ತೆ ಮಿಡಿಯುತ್ತಿತ್ತು. ಹೃದ್ರೋಗಿಯ ಮನೆಯವರಾದ ನಮಗೆ ಆ ಸದ್ದು ವಿಚಿತ್ರವಾದ ತಳಮಳವನ್ನು ಉಂಟುಮಾಡಿತು.

ಹಾಗಾದರೆ ಇಂಜೆಕ್ಟರೇ ಕೆಟ್ಟಿದೆಯೆ? ಎಂಜಿನ್ ಬಂದ್ ಮಾಡಿ, ನಾಲ್ಕರ ಪ್ಲಾಸ್ಟಿಕ್ ಕನೆಕ್ಟರುಗಳನ್ನೂ ಬಿಚ್ಚಿ, ಮಲ್ಟಿಮೀಟರಿನಿಂದ ಒಂದೊಂದರ ರೋಧವನ್ನು ಅಳೆದೆವು. ಇಂಥ ಇಂಜೆಕ್ಟರುಗಳಲ್ಲಿ ಅದು ಸಾಮಾನ್ಯವಾಗಿ 12ರಿಂದ 16 ಓಮ್ ಇರುತ್ತದೆ. ನಾಲ್ಕೂ ಒಂದೇ ಅಳತೆ. ಇಂಜೆಕ್ಟರೂ ನಿರಪರಾಧಿ. ಕನೆಕ್ಟರುಗಳನ್ನು ಮರಳಿ ಸಿಕ್ಕಿಸಿ, ಎಂಜಿನ್ ನಡೆಸಿ, ಬೀಗರು ಮೂರನೆಯದಕ್ಕೆ ಬರುವ ತಂತಿಯ ಸಿವುಡನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದರು. ಎಂಜಿನ್ ಒಮ್ಮೆಲೆ ಕೆಮ್ಮಿತು. ಬಿಟ್ಟರು; ಸರಿಯಾಯಿತು. ಮತ್ತೆ ಅಲುಗಿಸಿದರು, ಮತ್ತೆ ಕೆಮ್ಮು.

ಸಿವುಡನ್ನು ತಿರುಗಿಸಿ ನೋಡಿದರೆ, ಕಣ್ಣಿಗೆ ಕಾಣದ ಕೆಳಬದಿಯಲ್ಲಿ ತಂತಿಯ ಮೇಲ್ಹೊದಿಕೆಯನ್ನು ಇಲಿ ಕಡಿದಿತ್ತು. ಒಳಗಿನ ತಾಮ್ರದ ಎಳೆಗಳಲ್ಲಿ ಎರಡು ಮೂರು ಮಾತ್ರ ಉಳಿದಿದ್ದವು. ಕಾರು ಕುಲುಕಿದಾಗ ಅವು ಬಿಡುತ್ತಿದ್ದವು, ನಿಂತಾಗ ಕೂಡುತ್ತಿದ್ದವು. ಪ್ಲಗ್ ಬದಲಿಸಿದ ಮೇಲೆ ಎರಡು ದಿನ 'ಗುಣವಾದ' ಗುಟ್ಟೂ ಇದೇ. ತಂತಿ ಪೂರ್ತಿ ಕಡಿದಿದ್ದರೆ ಪಿ 0203 ಎಂಬ ಬೇರೊಂದು ಸಂಖ್ಯೆ ಮೂಡಿ ದಾರಿ ತೋರಬಹುದಾಗಿತ್ತು. ಅರ್ಧ ಕಡಿದದ್ದೇ ಎಲ್ಲರನ್ನೂ ದಾರಿ ತಪ್ಪಿಸಿತು. ಎಂಜಿನ್ನಿನ ಮೂಲೆಯಲ್ಲಿ ಒಂದು ಹಿಡಿ ಶೇಂಗಾ ಸಿಪ್ಪೆ ಬೇರೆ ಬಿದ್ದಿತ್ತು. ಹೊಲದಿಂದ ಬಂದ ಶೇಂಗಾ ಚೀಲಗಳನ್ನು ಕಾರಿನ ಶೆಡ್ಡಿನಲ್ಲಿಯೇ ಒಟ್ಟಿದವರು ಬೇರೆ ಯಾರೂ ಅಲ್ಲ, ನಾವೇ.

ಒಂದು ಸಮಾಧಾನವಿತ್ತು. ಮೂರನೆಯ ಸಿಲಿಂಡರಿಗೆ ಪೆಟ್ರೋಲೇ ಬರುತ್ತಿರಲಿಲ್ಲವಾದ್ದರಿಂದ ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿರಲಿಲ್ಲ. ದೋಷ ಕಿಡಿಯದ್ದಾಗಿದ್ದರೆ, ಹುಬ್ಬಳ್ಳಿಯವರೆಗಿನ ನಮ್ಮ ಆತುರಕ್ಕೆ ಬಹಳ ದೊಡ್ಡ ಬೆಲೆ ತೆರಬೇಕಾಗುತ್ತಿತ್ತು.

ಬೇರೆ ಬೇರೆ ಮನೆಯ ಕಾರುಗಳಿಗೆ

ಎಲ್ಲ ಕಾರುಗಳ ಕೆಮ್ಮಿಗೂ ಇಲಿಯೇ ಕಾರಣವಲ್ಲ. ನೀರು ಹೊಡೆದು ಎಂಜಿನ್ ತೊಳೆಸಿದ ಮರುದಿನ ಮಿಸ್ಸಿಂಗ್ ಬಂದರೆ ಪ್ಲಗ್ ಕೂರುವ ಬಾವಿಯಲ್ಲಿ ನೀರು ನಿಂತಿದೆಯೇ ನೋಡಬೇಕು. ಅಲ್ಲಿ ಎಣ್ಣೆ ನಿಂತಿದ್ದರೆ ವಾಲ್ವ್ ಕವರಿನ ಸೀಲು ಹೋಗಿದೆ. ನಿಂತಲ್ಲಿ ಮಾತ್ರ ನಡುಗಿ ವೇಗದಲ್ಲಿ ಸರಿಯಾಗುವ ಗಾಡಿಯಲ್ಲಿ, ಅದರಲ್ಲೂ ಪಿ 0300 ಬಂದಿದ್ದರೆ, ಏರ್ ಫಿಲ್ಟರಿನ ಮುಂದಿನ ರಬ್ಬರ್ ಕೊಳವೆಗಳೆಲ್ಲಾದರೂ ಬಿರಿದು ಹೆಚ್ಚುವರಿ ಗಾಳಿ ಒಳನುಗ್ಗುತ್ತಿದೆಯೇ ಎಂದು ಹುಡುಕಬೇಕು. ಸಿಎನ್‌ಜಿ ಗಾಡಿಗಳಲ್ಲಿ ಅನಿಲವನ್ನು ಹೊತ್ತಿಸಲು ಕಿಡಿಗೆ ಹೆಚ್ಚು ಬಲ ಬೇಕಾಗುವುದರಿಂದ ಪ್ಲಗ್ ಸವೆತವು ಬೇಗ ಗೊತ್ತಾಗುತ್ತದೆ; ಪೆಟ್ರೋಲಿನಲ್ಲಿ ನೆಟ್ಟಗೆ ಓಡಿ ಅನಿಲದಲ್ಲಿ ಕೆಮ್ಮಿದರೆ ಮೊದಲು ಪ್ಲಗ್ ನೋಡುವುದು ಸರಿ.

ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಕಾರುಗಳನ್ನು ಇನ್ನೂ ಜತನವಾಗಿ ಇಟ್ಟುಕೊಂಡವರಿದ್ದಾರೆ. ಅವರಿಗೆ ಓಬಿಡಿ ಇಲ್ಲ, ಆದರೆ ಕತ್ತಲೆ ಇದೆ. ರಾತ್ರಿ ದೀಪವಾರಿಸಿ ಎಂಜಿನ್ ನಡೆಸಿ, ದೂರ ನಿಂತು ಪ್ಲಗ್ ವೈರುಗಳನ್ನು ನೋಡಿದರೆ ಬಿರಿದ ಕಡೆ ನೀಲಿ ಕಿಡಿ ಹಾರುವುದು ಕಾಣುತ್ತದೆ. ನಡೆಯುವ ಎಂಜಿನ್ನಿನ ಪ್ಲಗ್ ವೈರನ್ನು ಬರಿಗೈಯಲ್ಲಿ ಕಿತ್ತು ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಮಾತ್ರ ನಾವು ಒಪ್ಪುವುದಿಲ್ಲ.

ಕಿಡಿ, ಗಾಳಿ, ಪೆಟ್ರೋಲು ಎಲ್ಲ ಸರಿಯಿದ್ದೂ ಮಿಸ್ಸಿಂಗ್ ನಿಲ್ಲದಿದ್ದರೆ ಒತ್ತಡ ಅಳೆಯಬೇಕು. ಪ್ಲಗ್ಗಿನ ಜಾಗದಲ್ಲಿ ಗೇಜು ಕೂರಿಸಿ ನೋಡುವ ಈ ಪರೀಕ್ಷೆಯನ್ನು ಗ್ಯಾರೇಜಿನಲ್ಲಿ ಮಾಡಿಸುವುದೇ ಮೇಲು. ವಾಲ್ವು, ರಿಂಗುಗಳ ಕೆಲಸ ಅಂಗಳದ್ದಲ್ಲ. ಪೆಟ್ರೋಲನ್ನು ಅತಿ ಒತ್ತಡದಲ್ಲಿ ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಹೊಸ ಎಂಜಿನ್ನುಗಳ ಕೊಳವೆಯನ್ನೂ, ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ತಂತಿಯನ್ನೂ ಮನೆಯಲ್ಲಿ ಮುಟ್ಟಲೇಬಾರದು. ವಾರಂಟಿ ಉಳಿದಿದ್ದರೆ ಸಂಖ್ಯೆ ಓದಿಕೊಂಡು ಸುಮ್ಮನಾಗುವುದು ಜಾಣತನ.

ತಂತಿ ಜೋಡಿಸಲು ಬೀಗರು ನಮಗೆ ಬಿಡಲಿಲ್ಲ. ಎಳೆಗಳನ್ನು ಹೊಸೆದು ಟೇಪು ಸುತ್ತಿದರೆ ಎಂಜಿನ್ನಿನ ಕಾವಿಗೆ ಅಂಟು ಕರಗಿ ಆರು ತಿಂಗಳಲ್ಲಿ ಬಿಚ್ಚುತ್ತದೆ ಎಂದು ಹೇಳಿ, ಓಣಿಯ ಆಟೋ ಎಲೆಕ್ಟ್ರಿಷಿಯನ್ನನನ್ನು ಕರೆಸಿದರು. ಅವನು ಬ್ಯಾಟರಿಯ ಮೈನಸ್ ಕಳಚಿ, ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ತಂತಿಯನ್ನು ಬೆಸೆದು, ಕಾವಿಗೆ ಬಿಗಿಯುವ ತೋಳು ಏರಿಸಿದನು. ಮುನ್ನೂರು ರೂಪಾಯಿ ಕೊಟ್ಟೆವು. ಸಂಖ್ಯೆ ಅಳಿಸಿ ಅಣ್ಣಿಗೇರಿಯವರೆಗೆ ಓಡಿಸಿ ಬಂದೆವು. ಪಿ 0303 ಮರಳಲಿಲ್ಲ.

ಶೇಂಗಾ ಚೀಲಗಳು ಅಂದೇ ಅಟ್ಟಕ್ಕೆ ಏರಿದವು. ಎಂಜಿನ್ನಿನ ಬಳಿ ಹೊಗೆಸೊಪ್ಪಿನ ದಂಟು ಇಡಿರೆಂದು ನೆರೆಯವರು ಹೇಳಿದರು. ಇಟ್ಟೆವು, ಘಾಟು ಇರುವ ತನಕ ಇಲಿ ಬಾರದಿರಬಹುದು, ಹೆಚ್ಚು ನಂಬಿಕೆ ನಮಗಿಲ್ಲ. ಶೆಡ್ಡಿನ ಬಾಗಿಲ ಕೆಳಗಿನ ಸಂದಿಗೆ ತಂತಿಜಾಳಿಗೆ ಹೊಡೆಸಿದ್ದೇವೆ, ವಾರಕ್ಕೊಮ್ಮೆ ಬಾನೆಟ್ ಎತ್ತಿ ಬ್ಯಾಟರಿ ಹಿಡಿದು ನೋಡುತ್ತೇವೆ. ಮುಂದಿನ ತಿಂಗಳು ತಾಯಿಯವರನ್ನು ಹುಬ್ಬಳ್ಳಿಗೆ ಕರೆದೊಯ್ಯುವಾಗ ಅವರು ಅಣ್ಣಿಗೇರಿ ದಾಟುವವರೆಗೂ ಮುಂದಿನ ಸೀಟಿನ ಹಿಂಬದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಬೇಡದೆ ಬಿಚ್ಚಿಸಿದ ಹಳೆಯ ಕಾಯಿಲೂ, ಆ ನಾಲ್ಕು ಕಂದು ಪ್ಲಗ್ಗುಗಳೂ ನಮ್ಮ ಕಪಾಟಿನಲ್ಲಿ ಇಂದಿಗೂ ಇವೆ.